ಹಂತಕನ ಮನಸ್ಸು ಓದುವ ಹದಿಹರೆಯ

ಅಮೆರಿಕದ ಡೆನ್ವರ್ ನಗರದ ಸಣ್ಣ ಹೋಟೆಲೊಂದರಲ್ಲಿ ಕ್ಯಾಸಿ ಹಾಬ್ಸ್ ಎಂಬ ಹದಿನೇಳರ ಹುಡುಗಿ ಮೇಜು ಮೇಜಿಗೆ ತಿಂಡಿ ಒಯ್ದು ಕೊಡುತ್ತಾಳೆ. ಗಿರಾಕಿ ಬಾಗಿಲು ದಾಟಿ ಬಂದು ಕೂರುವಷ್ಟರಲ್ಲಿ ಅವನು ಎಂಥ ಸ್ವಭಾವದವನು, ಮೊಟ್ಟೆಯನ್ನು ಹೇಗೆ ಬೇಯಿಸಿ ತರಲು ಹೇಳುತ್ತಾನೆ ಎಂಬುದು ಅವಳಿಗೆ ಹೊಳೆದಿರುತ್ತದೆ. ನಡಿಗೆ, ಬಟ್ಟೆ, ಕೂರುವ ಜಾಗ, ಕಣ್ಣು ಹೊರಳುವ ದಿಕ್ಕು ಎಲ್ಲವೂ ಅವಳ ತಲೆಯೊಳಗೆ ತಾವಾಗಿ ಜೋಡಣೆಗೊಂಡು ಒಂದು ವ್ಯಕ್ತಿಚಿತ್ರವಾಗುತ್ತವೆ. ಒಂದು ದಿನ ಆ ಹೋಟೆಲಿಗೆ ಬಂದ ಹುಡುಗನೊಬ್ಬ ಎಫ್‌ಬಿಐ ಅಧಿಕಾರಿಯ ವಿಸಿಟಿಂಗ್ ಕಾರ್ಡ್ ಬಿಟ್ಟುಹೋಗುತ್ತಾನೆ. ಅಲ್ಲಿಂದ ಕ್ಯಾಸಿಯ ಬದುಕು ಸರಣಿ ಹಂತಕರ ಲೋಕಕ್ಕೆ ಹೊರಳಿಕೊಳ್ಳುತ್ತದೆ.

ಜೆನಿಫರ್ ಲಿನ್ ಬಾರ್ನ್ಸ್ 2013ರಲ್ಲಿ ಪ್ರಕಟಿಸಿದ ‘ದಿ ನ್ಯಾಚುರಲ್ಸ್’ ಕಾದಂಬರಿ ಆರಂಭವಾಗುವುದು ಹೀಗೆ. ‘ಕಿಲ್ಲರ್ ಇನ್‌ಸ್ಟಿಂಕ್ಟ್’ (2014), ‘ಆಲ್ ಇನ್’ (2015), ‘ಬ್ಯಾಡ್ ಬ್ಲಡ್’ (2016) ಎಂಬ ಮೂರು ಕಾದಂಬರಿಗಳು ಕತೆಯನ್ನು ಮುಂದುವರಿಸಿದವು. ಹದಿಹರೆಯದವರಿಗೆಂದು ಬರೆದ ಕ್ರೈಂ ಥ್ರಿಲ್ಲರ್‌ಗಳ ಪೈಕಿ ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವ ಸರಣಿ ಇದು. ಬಾರ್ನ್ಸ್ 2020ರಲ್ಲಿ ಬರೆದ ‘ದಿ ಇನ್‌ಹೆರಿಟೆನ್ಸ್ ಗೇಮ್ಸ್’ ಜಗತ್ತಿನಾದ್ಯಂತ ಗೆದ್ದ ಮೇಲೆ, ಹೊಸ ಓದುಗರು ಅವರ ಹಳೆಯ ಪುಸ್ತಕಗಳನ್ನೂ ಹುಡುಕಿಕೊಂಡು ಹೋದರು. ಇಂಗ್ಲಿಷ್ ಕಾದಂಬರಿ ಓದುವ ನಮ್ಮ ಮಕ್ಕಳ ಶಾಲಾಚೀಲದಲ್ಲೂ ಈ ಸರಣಿ ಇರಬಹುದು.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾಲದಿಂದಲೇ ಪತ್ತೇದಾರಿ ಕತೆಯ ರುಚಿ ಕನ್ನಡದ ಓದುಗರಿಗೆ ಗೊತ್ತು. ಸಾಹಸ, ವೇಷ, ಬೆನ್ನಟ್ಟುವಿಕೆ, ಕೊನೆಗೆ ಕೈಕೋಳ: ಅಲ್ಲಿನ ರೋಮಾಂಚನವೆಲ್ಲ ಹೊರಗೆ ನಡೆಯುವುದು. ‘ದಿ ನ್ಯಾಚುರಲ್ಸ್’ ನಮ್ಮನ್ನು ಒಳಗೆ ಕರೆದೊಯ್ಯುತ್ತದೆ. ಕೊಂದವನಿಗೆ ಏನು ಬೇಕಿತ್ತು, ಇವಳನ್ನೇ ಯಾಕೆ ಆರಿಸಿಕೊಂಡ, ಮುಂದೆ ಏನು ಮಾಡುತ್ತಾನೆ ಎಂಬ ಪ್ರಶ್ನೆಗಳು ಇಲ್ಲಿ ಕತೆಯನ್ನು ನಡೆಸುತ್ತವೆ. ಆ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ ಮಕ್ಕಳ ಮೇಲೆ ಬಿದ್ದಿದೆ. ಪುಸ್ತಕದ ಆಕರ್ಷಣೆಯೂ ಅದು ಎಬ್ಬಿಸುವ ಆತಂಕವೂ ಹುಟ್ಟುವುದು ಇದರಿಂದಲೇ.

ಐದು ಮಕ್ಕಳು, ಅವರ ಗಾಯಗಳು

ವರ್ಜೀನಿಯಾ ರಾಜ್ಯದ ಕ್ವಾಂಟಿಕೊದಲ್ಲಿ ಒಂದು ಹಳೆಯ ಮನೆ. ಅಲ್ಲಿ ಐದು ಜನ ಹುಡುಗ ಹುಡುಗಿಯರು. ನಿವೃತ್ತ ಸೈನಿಕ ಜಡ್ ಅವರ ಊಟ ತಿಂಡಿ ನೋಡಿಕೊಳ್ಳುತ್ತಾನೆ, ಎಫ್‌ಬಿಐ ಅಧಿಕಾರಿ ಬ್ರಿಗ್ಸ್ ತರಬೇತಿಯ ಹೊಣೆ ಹೊತ್ತಿದ್ದಾನೆ. ನೆಲಮಾಳಿಗೆಯಲ್ಲಿ ಅಪರಾಧ ನಡೆದ ಸ್ಥಳಗಳ ನಕಲುಗಳನ್ನು ಕಟ್ಟಿಡಲಾಗಿದೆ. ಬಗೆಹರಿಯದೆ ಉಳಿದ ಹಳೆಯ ಪ್ರಕರಣಗಳ ಕಡತಗಳು ಈ ಮಕ್ಕಳ ಪಾಠಪುಸ್ತಕ.

ಕ್ಯಾಸಿ ಮತ್ತು ಡೀನ್ ಪ್ರೊಫೈಲರ್‌ಗಳು, ಅಂದರೆ ನಡವಳಿಕೆಯ ಕುರುಹುಗಳಿಂದ ಮನುಷ್ಯನ ಸ್ವಭಾವವನ್ನು ಊಹಿಸುವವರು. ಮೈಕಲ್ ಮುಖ ನೋಡಿ ಭಾವನೆ ಓದುತ್ತಾನೆ. ಲಿಯಾ ಸುಳ್ಳನ್ನು ಹಿಡಿಯುತ್ತಾಳೆ, ತಾನೂ ಅಷ್ಟೇ ಸಲೀಸಾಗಿ ಸುಳ್ಳು ಹೇಳುತ್ತಾಳೆ. ಸ್ಲೋನ್‌ಗೆ ಅಂಕಿ ಅಂಶಗಳೇ ಮಾತೃಭಾಷೆ. ರಕ್ತದ ಹನಿ ಸಿಡಿದ ಕೋನದಿಂದ ಹಿಡಿದು ಊರಿನ ನಕ್ಷೆಯವರೆಗೆ ಎಲ್ಲದರಲ್ಲೂ ಅವಳಿಗೆ ವಿನ್ಯಾಸ ಕಾಣುತ್ತದೆ.

ಇಷ್ಟನ್ನೇ ಹೇಳಿದರೆ ಇದು ಅತಿಮಾನುಷ ಶಕ್ತಿಯ ಮಕ್ಕಳ ಮತ್ತೊಂದು ಕತೆ ಅನ್ನಿಸಬಹುದು. ಬಾರ್ನ್ಸ್ ಹೆಚ್ಚು ಆಳಕ್ಕೆ ಇಳಿಯುತ್ತಾರೆ. ಈ ಮಕ್ಕಳ ಪ್ರತಿಭೆ ಅವರು ಅನುಭವಿಸಿದ ನೋವಿನಲ್ಲಿ ಹದಗೊಂಡದ್ದು. ಡೀನ್‌ನ ತಂದೆ ಸರಣಿ ಹಂತಕ. ಕೊಲೆಗಾರ ಹೇಗೆ ಯೋಚಿಸುತ್ತಾನೆಂಬುದನ್ನು ಡೀನ್ ತನ್ನ ಮನೆಯಲ್ಲೇ ಕಲಿತ. ಕೈಯೆತ್ತುವ ತಂದೆಯ ಮುಖದಲ್ಲಿ ಸಿಟ್ಟು ಏರುವ ಮುನ್ನವೇ ಅದನ್ನು ಗುರುತಿಸಬೇಕಾದ ಅನಿವಾರ್ಯತೆ ಮೈಕಲ್‌ನನ್ನು ಭಾವನೆ ಓದುವವನನ್ನಾಗಿ ಮಾಡಿತು. ಲಿಯಾ ಬೆಳೆದ ಜಾಗದಲ್ಲಿ ಸುಳ್ಳು ಗುರುತಿಸಲಾರದ ಮಗು ಉಳಿಯುವಂತಿರಲಿಲ್ಲ. ಕ್ಯಾಸಿಯ ತಾಯಿ ವೇದಿಕೆಯ ಮೇಲೆ ಜನರ ಮನಸ್ಸು ಓದುವ ಪ್ರದರ್ಶನ ನೀಡುತ್ತಿದ್ದವಳು. ವರ್ತನೆ, ವ್ಯಕ್ತಿತ್ವ, ಪರಿಸರ ಎಂಬ ಮೂರು ಸೂತ್ರಗಳನ್ನು ಮಗಳಿಗೆ ಆಟದಂತೆ ಕಲಿಸಿದ್ದಳು. ಕ್ಯಾಸಿಗೆ ಹನ್ನೆರಡಾಗಿದ್ದಾಗ ತಾಯಿಯ ಉಡುಪಿನ ಕೋಣೆಯಲ್ಲಿ ರಕ್ತ ಮಾತ್ರ ಉಳಿದಿತ್ತು, ದೇಹ ಸಿಗಲೇ ಇಲ್ಲ.

ಜನ ಮೆಚ್ಚಿ ‘ಹುಟ್ಟು ಪ್ರತಿಭೆ’ ಎನ್ನುವುದು ಎಷ್ಟೋ ಸಲ ಭಯದ ನಡುವೆ ಬೆಳೆದ ಮಗು ಬದುಕುಳಿಯಲು ರೂಢಿಸಿಕೊಂಡ ಎಚ್ಚರ. ಹಿಂಸೆಯಿರುವ ಮನೆಯ ಮಕ್ಕಳು ದೊಡ್ಡವರ ಮುಖದ ಸೂಕ್ಷ್ಮ ಬದಲಾವಣೆಗಳನ್ನು ಬೇರೆ ಮಕ್ಕಳಿಗಿಂತ ಬೇಗ ಗಮನಿಸುತ್ತಾರೆ ಎಂಬುದನ್ನು ಮಕ್ಕಳ ಮನೋವಿಜ್ಞಾನವೂ ಗುರುತಿಸಿದೆ. ಬಾರ್ನ್ಸ್ ಆ ಸತ್ಯವನ್ನು ಉಪದೇಶವಿಲ್ಲದೆ, ಕತೆಯ ವೇಗವನ್ನೂ ಕಳೆಯದೆ ಹೇಳಿದ್ದಾರೆ. ನನ್ನ ಮಟ್ಟಿಗೆ ಸರಣಿಯ ಅತ್ಯಂತ ಬೆಲೆಯುಳ್ಳ ಭಾಗ ಇದು.

ನಡುನಡುವೆ ಕೊಲೆಗಾರನ ದೃಷ್ಟಿಯಿಂದ ಬರೆದ ಪುಟ್ಟ ಅಧ್ಯಾಯಗಳು ಬರುತ್ತವೆ. ಅಲ್ಲಿ ಅವನನ್ನು ‘ನೀನು’ ಎಂದೇ ಸಂಬೋಧಿಸಲಾಗಿದೆ, ಹಾಗಾಗಿ ಓದುವವರೇ ಆ ತಲೆಯೊಳಗೆ ನಿಂತಂತಾಗುತ್ತದೆ. ಹಂತಕನ ಬಗ್ಗೆ ಯೋಚಿಸುವಾಗ ಕ್ಯಾಸಿ ಕೂಡ ‘ನೀನು’ ಎನ್ನುತ್ತಾಳೆ. ಡೀನ್ ‘ನಾನು’ ಎನ್ನುತ್ತಾನೆ. ತಂದೆಯ ರಕ್ತ ತನ್ನಲ್ಲೂ ಹರಿಯುತ್ತಿದೆ ಎಂಬ ಭಯವನ್ನು ಹೊತ್ತ ಹುಡುಗ ಪ್ರತಿಯೊಂದು ಪ್ರಕರಣದಲ್ಲೂ ಆ ಭಯದೊಳಗೇ ಕಾಲಿಡಬೇಕು. ದೊಡ್ಡವರು ಅವನಿಂದ ಕೇಳುತ್ತಿರುವುದು ಎಷ್ಟು ದೊಡ್ಡ ತ್ಯಾಗವೆಂಬುದು ಎರಡನೆಯ ಪುಸ್ತಕದ ಹೊತ್ತಿಗೆ ಓದುಗರ ಎದೆಗೆ ತಾಗುತ್ತದೆ.

ಕ್ವಾಂಟಿಕೊದ ನಿಜವಾದ ಕತೆ

ಕತೆಯ ಮನೆ ಕಲ್ಪನೆಯದು. ಕ್ವಾಂಟಿಕೊ ಮಾತ್ರ ನಿಜವಾದ ಊರು. ಎಫ್‌ಬಿಐನ ತರಬೇತಿ ಅಕಾಡೆಮಿ ಇರುವುದು ಅಲ್ಲಿಯೇ. 1972ರಲ್ಲಿ ಅಲ್ಲಿ ವರ್ತನಾ ವಿಜ್ಞಾನ ಘಟಕ ಶುರುವಾಯಿತು. ಹೊವಾರ್ಡ್ ಟೆಟನ್ ಮತ್ತು ಪ್ಯಾಟ್ರಿಕ್ ಮುಲ್ಲಾನಿ ಅಪರಾಧದ ಸ್ಥಳದಿಂದ ಅಪರಾಧಿಯ ಸ್ವಭಾವ ಊಹಿಸುವ ವಿಧಾನವನ್ನು ಕಲಿಸತೊಡಗಿದರು. ಬಳಿಕ ರಾಬರ್ಟ್ ರೆಸ್ಲರ್ ಮತ್ತು ಜಾನ್ ಡಗ್ಲಾಸ್ ಜೈಲುಗಳನ್ನು ಸುತ್ತಿ ಶಿಕ್ಷೆಗೊಳಗಾದ ಹಂತಕರ ಜೊತೆ ಕೂತು ಮಾತನಾಡಿದರು. ಬಾಸ್ಟನ್ನಿನ ನರ್ಸಿಂಗ್ ಪ್ರಾಧ್ಯಾಪಕಿ ಆನ್ ಬರ್ಜೆಸ್ ಆ ಮಾತುಕತೆಗಳಿಗೆ ಸಂಶೋಧನೆಯ ಶಿಸ್ತು ತಂದರು. 36 ಅಪರಾಧಿಗಳ ಸಂದರ್ಶನ ಆಧರಿಸಿದ ಆ ಅಧ್ಯಯನ 1988ರಲ್ಲಿ ಪುಸ್ತಕವಾಯಿತು. ಡಗ್ಲಾಸ್ 1995ರಲ್ಲಿ ಬರೆದ ‘ಮೈಂಡ್‌ಹಂಟರ್’ ಮುಂದೆ ಟಿವಿ ಸರಣಿಗೆ ಆಧಾರವಾಗಿ ಮನೆಮಾತಾಯಿತು.

ಈ ವಿದ್ಯೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1888ರಲ್ಲಿ ಲಂಡನ್ನಿನ ಪೊಲೀಸ್ ವೈದ್ಯ ಥಾಮಸ್ ಬಾಂಡ್, ಸರಣಿ ಹಂತಕ ಜ್ಯಾಕ್ ದಿ ರಿಪ್ಪರ್ ಹೇಗಿರಬಹುದೆಂದು ಒಂದು ಟಿಪ್ಪಣಿ ಬರೆದಿದ್ದ. 1940ರಿಂದ 1956ರವರೆಗೆ ನ್ಯೂಯಾರ್ಕಿನಲ್ಲಿ ಬಾಂಬ್ ಇಡುತ್ತಿದ್ದ ವ್ಯಕ್ತಿಯ ಬಗ್ಗೆ ಮನೋವೈದ್ಯ ಜೇಮ್ಸ್ ಬ್ರಸಲ್ ಮಾಡಿದ ಊಹೆಗಳು ಇನ್ನೂ ಹೆಸರಾದವು. ಅವನು ಸಿಕ್ಕಾಗ ಗುಂಡಿ ಹಾಕಿದ ಡಬಲ್ ಬ್ರೆಸ್ಟೆಡ್ ಕೋಟು ತೊಟ್ಟಿರುತ್ತಾನೆ ಎಂದು ಬ್ರಸಲ್ ಹೇಳಿದ್ದು, ಜಾರ್ಜ್ ಮೆಟೆಸ್ಕಿಯನ್ನು ಠಾಣೆಗೆ ಕರೆದೊಯ್ಯುವಾಗ ಅವನ ಮೈಮೇಲೆ ಅದೇ ಇದ್ದದ್ದು ಪ್ರೊಫೈಲಿಂಗ್ ಇತಿಹಾಸದ ದಂತಕತೆ. ಆದರೆ ಮೆಟೆಸ್ಕಿಯ ಹೆಸರನ್ನು ಹುಡುಕಿ ಕೊಟ್ಟವರು ಬೇರೆ. ಅವನು ಹಿಂದೆ ಕೆಲಸ ಮಾಡಿ ಗಾಯಗೊಂಡಿದ್ದ ವಿದ್ಯುತ್ ಕಂಪನಿಯ ಗುಮಾಸ್ತೆ ಆಲಿಸ್ ಕೆಲ್ಲಿ, ಹಳೆಯ ಪರಿಹಾರದ ಅರ್ಜಿಗಳ ಕಡತ ತಿರುವಿ ಹಾಕುತ್ತ ಬಾಂಬರನ ಪತ್ರಗಳಲ್ಲಿದ್ದ ಧಾಟಿಯನ್ನೇ ಅಲ್ಲೂ ಗುರುತಿಸಿದರು. ಕೋಟಿನ ಕತೆ ಎಲ್ಲರ ಬಾಯಲ್ಲಿ ಉಳಿಯಿತು. ಕಡತ ತಿರುವಿದವರನ್ನು ನೆನೆಯುವವರು ಕಡಿಮೆ.

ಹಾಗೆಂದು ಪ್ರೊಫೈಲಿಂಗ್ ಬರೀ ಬುರುಡೆ ಎಂದು ತಳ್ಳಿಹಾಕುವಂತಿಲ್ಲ. ಲಂಡನ್ನಿನ ಸುತ್ತಮುತ್ತ ರೈಲು ನಿಲ್ದಾಣಗಳ ಬಳಿ ನಡೆದ ಅತ್ಯಾಚಾರ ಮತ್ತು ಕೊಲೆಗಳ ತನಿಖೆಗೆ 1986ರಲ್ಲಿ ಮನೋವಿಜ್ಞಾನಿ ಡೇವಿಡ್ ಕ್ಯಾಂಟರ್ ನೆರವಾದರು. ಕೃತ್ಯ ನಡೆದ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಪರಾಧಿ ಎಲ್ಲಿ ವಾಸವಿರಬಹುದು, ಅವನ ದಾಂಪತ್ಯ ಹೇಗಿರಬಹುದು ಎಂದು ಹದಿನೇಳು ಅಂಶಗಳ ಪಟ್ಟಿ ಕೊಟ್ಟರು. ಬಹುಪಾಲು ಸರಿಯಾಗಿತ್ತು. ಪೊಲೀಸರ ಬಳಿ ಆಗಲೇ ಸುಮಾರು 2,000 ಶಂಕಿತರ ಹೆಸರಿತ್ತು. ಆ ರಾಶಿಯಲ್ಲಿ ಮುಳುಗಿದ್ದ ಜಾನ್ ಡಫಿ ಎಂಬಾತ ಮೇಲಕ್ಕೆ ಬಂದ. 1988ರಲ್ಲಿ ಅವನಿಗೆ ಶಿಕ್ಷೆಯಾಯಿತು. ಇಲ್ಲಿ ಪ್ರೊಫೈಲ್ ಮಾಡಿದ್ದು ಹುಡುಕಾಟದ ಹಾದಿಯನ್ನು ಕಿರಿದಾಗಿಸುವ ಕೆಲಸ. ಅಪರಾಧ ಸಾಬೀತಾದದ್ದು ಸಾಕ್ಷ್ಯದಿಂದ.

ಊಹೆ ತಪ್ಪಿದಾಗ

ಕಾದಂಬರಿಯಲ್ಲಿ ಊಹೆ ತಪ್ಪಿದರೆ ಕತೆಗೊಂದು ತಿರುವು ಸಿಗುತ್ತದೆ. ಹೊರಗಿನ ಬದುಕಿನಲ್ಲಿ ಒಬ್ಬ ನಿರಪರಾಧಿಯ ಜೀವನವೇ ಹಾಳಾಗುತ್ತದೆ.

1992ರಲ್ಲಿ ಲಂಡನ್ನಿನ ವಿಂಬಲ್ಡನ್ ಕಾಮನ್ ಮೈದಾನದಲ್ಲಿ ಯುವತಿಯೊಬ್ಬಳ ಕೊಲೆಯಾಯಿತು. ಜೊತೆಯಲ್ಲಿ ಅವಳ ಪುಟ್ಟ ಮಗನಿದ್ದ. ತನಿಖೆಗೆ ಸಿದ್ಧವಾದ ಮಾನಸಿಕ ಚಿತ್ರಕ್ಕೆ ಹೊಂದುತ್ತಾನೆಂದು ಪೊಲೀಸರು ಒಬ್ಬನನ್ನು ಗುರಿಯಾಗಿಸಿಕೊಂಡರು. ಮಹಿಳಾ ಅಧಿಕಾರಿಯೊಬ್ಬರನ್ನು ಗುರುತು ಮರೆಸಿ ಅವನ ಸ್ನೇಹ ಬೆಳೆಸಲು ಬಿಟ್ಟು, ತಿಂಗಳುಗಟ್ಟಲೆ ತಪ್ಪೊಪ್ಪಿಗೆಗಾಗಿ ಕಾದರು. ಅವನು ಒಪ್ಪಿಕೊಳ್ಳಲಿಲ್ಲ. ಆದರೂ ಬಂಧಿಸಿ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿಟ್ಟರು. 1994ರಲ್ಲಿ ನ್ಯಾಯಾಲಯ ಪೊಲೀಸರ ಆ ಬಲೆಯನ್ನು ಖಂಡಿಸಿ ಪ್ರಕರಣ ತಳ್ಳಿಹಾಕಿತು. ನಿಜವಾದ ಹಂತಕ ರಾಬರ್ಟ್ ನ್ಯಾಪರ್ ಎಂಬುದನ್ನು ಡಿಎನ್‌ಎ ತೋರಿಸಿಕೊಟ್ಟಿತು. 2008ರಲ್ಲಿ ಅವನು ತಪ್ಪೊಪ್ಪಿಕೊಂಡ. ಪೊಲೀಸರ ಕಣ್ಣು ತಪ್ಪು ಮನುಷ್ಯನ ಮೇಲೆ ನೆಟ್ಟಿದ್ದ ಅವಧಿಯಲ್ಲೇ, 1993ರ ನವೆಂಬರಿನಲ್ಲಿ, ನ್ಯಾಪರ್ ಇನ್ನೊಬ್ಬ ತಾಯಿಯನ್ನೂ ಅವಳ ಮಗಳನ್ನೂ ಕೊಂದಿದ್ದ.

1996ರ ಅಟ್ಲಾಂಟಾ ಒಲಿಂಪಿಕ್ಸ್ ಸಮಯದಲ್ಲಿ ರಿಚರ್ಡ್ ಜ್ಯುವೆಲ್ ಎಂಬ ಕಾವಲುಗಾರ ಅನುಮಾನಾಸ್ಪದ ಚೀಲ ಕಂಡು ಪೊಲೀಸರಿಗೆ ತಿಳಿಸಿ, ಜನರನ್ನು ದೂರ ಸರಿಸಿ ಹಲವರ ಜೀವ ಉಳಿಸಿದ. ಚೀಲದಲ್ಲಿದ್ದ ಬಾಂಬ್ ಸಿಡಿದ ಕೆಲವೇ ದಿನಗಳಲ್ಲಿ ಅವನೇ ಶಂಕಿತನಾದ. ವೀರನಾಗುವ ಹಂಬಲದಿಂದ ತಾನೇ ಬಾಂಬ್ ಇಟ್ಟಿರಬಹುದು ಎಂಬ ಪ್ರೊಫೈಲ್ ಅವನಿಗೆ ಹೊಂದುತ್ತದೆಂದು ತನಿಖಾಧಿಕಾರಿಗಳು ಭಾವಿಸಿದರು, ಮಾಧ್ಯಮಗಳು ಅವನ ಮನೆಯ ಮುಂದೆ ಬೀಡುಬಿಟ್ಟವು. ಅದೇ ವರ್ಷದ ಅಕ್ಟೋಬರಿನಲ್ಲಿ ಅವನ ಮೇಲಿನ ಶಂಕೆ ತೆರವಾಯಿತು. ಬಾಂಬ್ ಇಟ್ಟ ಎರಿಕ್ ರುಡಾಲ್ಫ್ ಸಿಕ್ಕಿದ್ದು 2003ರಲ್ಲಿ.

2002ರಲ್ಲಿ ವಾಷಿಂಗ್ಟನ್ ಸುತ್ತಮುತ್ತ ಗುಂಡಿಟ್ಟು ಹತ್ತು ಜನರನ್ನು ಕೊಂದ ಪ್ರಕರಣದಲ್ಲಿ ಟಿವಿಯಲ್ಲಿ ಕೂತ ತಜ್ಞರು ಒಂಟಿ ಬಿಳಿಯನೊಬ್ಬನ ಚಿತ್ರ ಬಿಡಿಸಿದ್ದರು. ಸಿಕ್ಕವರು ಇಬ್ಬರು, ಇಬ್ಬರೂ ಕಪ್ಪು ವರ್ಣದವರು. ಅವರಲ್ಲೊಬ್ಬ ಕ್ಯಾಸಿಯಷ್ಟೇ ವಯಸ್ಸಿನವನು, ಹದಿನೇಳರ ಲೀ ಬಾಯ್ಡ್ ಮಾಲ್ವೊ. ಹಿರಿಯನೊಬ್ಬನ ಹಿಡಿತಕ್ಕೆ ಸಿಕ್ಕಿದ ಹುಡುಗ ಎಷ್ಟು ದೂರ ಹೋಗಬಲ್ಲನೆಂಬುದನ್ನು ಆ ಚಿತ್ರ ಮುಂಗಂಡಿರಲಿಲ್ಲ.

ಪ್ರೊಫೈಲಿನಿಂದಲ್ಲ, ಬೇರೆ ಕುರುಹುಗಳಿಂದ ಸಿಕ್ಕಿಬಿದ್ದ ಹಂತಕರೂ ಇದ್ದಾರೆ. ಕನ್ಸಾಸಿನ ವಿಚಿಟಾದಲ್ಲಿ ದಶಕಗಳ ಕಾಲ ತಪ್ಪಿಸಿಕೊಂಡಿದ್ದ ಸರಣಿ ಹಂತಕ ಡೆನ್ನಿಸ್ ರೇಡರ್ 2005ರಲ್ಲಿ ಸಿಕ್ಕಿಬಿದ್ದದ್ದು ತಾನೇ ಕಳಿಸಿದ ಫ್ಲಾಪಿ ಡಿಸ್ಕಿನಲ್ಲಿ ಉಳಿದಿದ್ದ ಅವನ ಹೆಸರು ಮತ್ತು ಚರ್ಚಿನ ಹೆಸರಿನಿಂದ. ಗ್ರೀನ್ ರಿವರ್ ಹಂತಕ ಗ್ಯಾರಿ ರಿಡ್ಜ್‌ವೇಯನ್ನು 2001ರಲ್ಲಿ ಹಿಡಿದುಕೊಟ್ಟದ್ದು ಡಿಎನ್‌ಎ. ಇದೇ ಗ್ರೀನ್ ರಿವರ್ ತನಿಖೆಗೆಂದು ಸಿಯಾಟಲ್‌ಗೆ ಹೋಗಿದ್ದ ಜಾನ್ ಡಗ್ಲಾಸ್ 1983ರಲ್ಲಿ ಮೆದುಳಿನ ಉರಿಯೂತದಿಂದ ಕುಸಿದು ಕೋಮಾಕ್ಕೆ ಜಾರಿದರು. ಆಗ ಅವರಿಗೆ 38 ವರ್ಷ. ಕೆಲಸದ ಅತಿಯಾದ ಒತ್ತಡ ತನ್ನನ್ನು ಆ ಸ್ಥಿತಿಗೆ ತಂದಿತ್ತೆಂದು ಅವರೇ ಬರೆದುಕೊಂಡಿದ್ದಾರೆ. ಪಳಗಿದ ವಯಸ್ಕನನ್ನೇ ಹೀಗೆ ಬಸವಳಿಸುವ ಕೆಲಸವನ್ನು ಕತೆಯಲ್ಲಿ ಹದಿನೇಳರ ಮಕ್ಕಳ ಹೆಗಲಿಗೇರಿಸಲಾಗಿದೆ. ವಾಸ್ತವದಲ್ಲಿ ಎಫ್‌ಬಿಐ ಸ್ಪೆಷಲ್ ಏಜೆಂಟ್ ಆಗಲು ಕನಿಷ್ಠ 23 ವರ್ಷವಾಗಿರಬೇಕು. ಆ ನಿಯಮದ ಹಿಂದಿನ ವಿವೇಕವನ್ನು ಈ ಕಾದಂಬರಿ ಓದುತ್ತಲೇ ಮನಗಾಣಬಹುದು.

ಮುಖ ನೋಡಿ ಸುಳ್ಳು ಹಿಡಿಯಬಹುದೆ?

ಲಿಯಾ ಮತ್ತು ಮೈಕಲ್‌ರ ಕೌಶಲ ಓದುಗರನ್ನು ಅತ್ಯಂತ ಸೆಳೆಯುವಂಥದ್ದು. ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರೆಯೇ ಎಂದು ತಿಳಿಯುವ ಆಸೆ ಯಾರಿಗಿಲ್ಲ? ಮುಖದ ಸ್ನಾಯುಗಳ ಚಲನೆಯನ್ನು ಒಂದೊಂದಾಗಿ ಗುರುತಿಸುವ ಪದ್ಧತಿಯನ್ನು ಮನೋವಿಜ್ಞಾನಿಗಳಾದ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲಿ ಪ್ರಕಟಿಸಿದರು. ಕ್ಷಣಾರ್ಧದಲ್ಲಿ ಮಿಂಚಿ ಮರೆಯಾಗುವ ಮುಖಭಾವಗಳ ಕುರಿತ ಎಕ್ಮನ್‌ರ ಮಾತುಗಳು ಅನೇಕ ಕತೆಗಳಿಗೆ ಮೂಲವಾದವು.

ಆದರೆ ಮನೋವಿಜ್ಞಾನಿಗಳಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ, ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಸುಮಾರು 24,000 ಜನರ ತೀರ್ಮಾನಗಳು ಅದರಲ್ಲಿದ್ದವು. ಯಾವ ಸಲಕರಣೆಯೂ ಇಲ್ಲದೆ ಸುಳ್ಳು ನಿಜ ಬೇರ್ಪಡಿಸುವಾಗ ಜನರು ಸರಿಯಾಗಿದ್ದದ್ದು ಸರಾಸರಿ ಶೇಕಡಾ 54 ಸಲ ಮಾತ್ರ. ನಾಣ್ಯ ಚಿಮ್ಮಿ ತೀರ್ಮಾನಿಸಿದರೂ ಶೇಕಡಾ 50 ಸಲ ಸರಿಯಾಗುತ್ತದೆ. ಕಣ್ಣು ತಪ್ಪಿಸುವವನು ಸುಳ್ಳುಗಾರ, ತಡವರಿಸುವವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬ ನಮ್ಮ ದಿನನಿತ್ಯದ ನಂಬಿಕೆಗಳಿಗೆ ಆಧಾರ ತೀರ ತೆಳು. ತರಗತಿಯಲ್ಲಿ ನಾಚಿಕೆಯಿಂದ ತಲೆ ತಗ್ಗಿಸಿದ ಮಗುವನ್ನು ಕಳ್ಳನೆಂದು ತೀರ್ಮಾನಿಸುವ ಮುನ್ನ ಪ್ರತಿಯೊಬ್ಬ ಮೇಷ್ಟರಿಗೂ ಈ ಸಂಖ್ಯೆ ನೆನಪಾಗಬೇಕು.

ಈ ವಿಚಾರದಲ್ಲಿ ಬೆಂಗಳೂರಿಗೂ ಒಂದು ನಂಟಿದೆ. ಈ ಶತಮಾನದ ಮೊದಲ ದಶಕದಲ್ಲಿ ಮಂಪರು ಪರೀಕ್ಷೆಗೆ, ಅಂದರೆ ನಾರ್ಕೋ ಅನಾಲಿಸಿಸ್‌ಗೆ, ದೇಶದಲ್ಲೇ ಹೆಸರಾದ ಕೇಂದ್ರ ಬೆಂಗಳೂರಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳು ಟಿವಿಯಲ್ಲೂ ಬಂದವು. ಮೆದುಳಿನ ವಿದ್ಯುತ್ ಸಂಕೇತಗಳಿಂದ ಅಪರಾಧದ ನೆನಪನ್ನು ಪತ್ತೆಹಚ್ಚುವುದಾಗಿ ಹೇಳುವ ತಂತ್ರವನ್ನು ರೂಪಿಸಿದ ಸಿ.ಆರ್. ಮುಕುಂದನ್, ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದವರು. ಇಂಥ ಪರೀಕ್ಷೆಗಳನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮೆದುಳಿನ ಪರೀಕ್ಷೆ ಇವು ಯಾವುವನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತಪಡಿಸಬಾರದೆನ್ನುವ ಸಂವಿಧಾನದ 20(3)ನೇ ವಿಧಿ ಮನಸ್ಸಿನ ಬಾಗಿಲನ್ನೂ ಕಾಯುತ್ತದೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಮನಸ್ಸು ಓದುವ ಕತೆಗಳನ್ನು ಇಷ್ಟಪಡುವ ಪ್ರತಿ ಹುಡುಗ ಹುಡುಗಿಗೂ, ನಮ್ಮ ರಾಜ್ಯದ ಹೆಸರು ಹೊತ್ತ ಈ ತೀರ್ಪಿನ ಪರಿಚಯ ಇರಬೇಕು.

ಹಾಗಾದರೆ ಯಾಕೆ ಓದಬೇಕು?

ಬಾರ್ನ್ಸ್ ಈ ವಿಷಯವನ್ನು ಹೊರಗಿನಿಂದ ನೋಡಿ ಬರೆದವರಲ್ಲ. ಮೊದಲು ಪ್ರಕಟವಾದ ‘ಗೋಲ್ಡನ್’ ಕಾದಂಬರಿಯನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲೇ ಬರೆದ ಅವರು, ಕೇಂಬ್ರಿಡ್ಜ್‌ನಲ್ಲಿ ಆಟಿಸಂ ಕುರಿತ ಸಂಶೋಧನೆಯಲ್ಲಿ ತೊಡಗಿದರು. 2012ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ ಪಡೆದರು, ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಕಲಿಸಿದರು. ಕತೆಗಳು ನಮ್ಮ ಮನಸ್ಸಿಗೆ ಏನು ಮಾಡುತ್ತವೆ ಎಂಬುದೇ ಅವರ ಸಂಶೋಧನೆಯ ವಿಷಯವಾಗಿತ್ತು. ಜೆಸ್ಸಿಕಾ ಬ್ಲ್ಯಾಕ್ ಜೊತೆಗೂಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶಸ್ತಿ ಪಡೆದ ಟಿವಿ ನಾಟಕಗಳನ್ನು ನೋಡಿದವರು ಸಾಕ್ಷ್ಯಚಿತ್ರ ನೋಡಿದವರಿಗಿಂತ, ಕಣ್ಣುಗಳ ಚಿತ್ರ ನೋಡಿ ಭಾವನೆ ಗುರುತಿಸುವ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ಈ ಬಗೆಯ ಪ್ರಯೋಗಗಳೆಲ್ಲ ಒಂದೇ ಫಲ ಕೊಟ್ಟಿಲ್ಲ, ಚರ್ಚೆ ಇನ್ನೂ ನಡೆದಿದೆ. ಮನಸ್ಸುಗಳನ್ನು ಓದುವ ಮಕ್ಕಳ ಕತೆಯನ್ನು ಬರೆದವರು, ಕತೆಗಳು ನಮ್ಮನ್ನು ಇನ್ನೊಬ್ಬರ ಮನಸ್ಸಿಗೆ ಹತ್ತಿರ ಮಾಡುತ್ತವೆಯೇ ಎಂದು ಪ್ರಯೋಗಾಲಯದಲ್ಲೂ ಪರೀಕ್ಷಿಸಿ ನೋಡಿದವರು ಎಂಬುದು ಈ ಸರಣಿಗೆ ತೂಕ ತರುತ್ತದೆ.

ಆ ತೂಕ ಪುಟಗಳಲ್ಲೂ ಕಾಣುತ್ತದೆ. ಅಪರಿಚಿತರನ್ನು ಕ್ಷಣದಲ್ಲಿ ಅಳೆಯುವ ಈ ಮಕ್ಕಳು, ತಮಗೆ ತೀರ ಹತ್ತಿರದವರ ವಿಷಯದಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ನಂಬಿಕೆ, ಪ್ರೀತಿ, ದುಃಖ ಕಣ್ಣಿಗೆ ಅಡ್ಡ ಬರುತ್ತವೆ. ಮೊದಲ ಪುಸ್ತಕದ ಕೊನೆಯ ತಿರುವು ನಿಂತಿರುವುದೇ ಇದರ ಮೇಲೆ. ಅದನ್ನು ಇಲ್ಲಿ ಬಯಲು ಮಾಡುವುದು ಓದುವವರಿಗೆ ಅನ್ಯಾಯ. ಇದೇ ದಾರಿಯ ಇನ್ನೊಂದು ಗಟ್ಟಿ ಕಾದಂಬರಿ, ಆಸ್ಟ್ರೇಲಿಯಾದ ಎಲ್ಲಿ ಮಾರ್ನಿಯವರ ‘ನನ್ ಷಲ್ ಸ್ಲೀಪ್’ (2020). 1982ರ ಕ್ವಾಂಟಿಕೊದಲ್ಲಿ ನಡೆಯುವ ಆ ಕತೆಯ ನಾಯಕಿ ಸ್ವತಃ ಸರಣಿ ಹಂತಕನಿಂದ ತಪ್ಪಿಸಿಕೊಂಡು ಬಂದವಳು. ಅಪರಾಧದ ರೋಚಕತೆಗಿಂತ, ಅದನ್ನು ಹಾದು ಬಂದವರ ಘನತೆ ದೊಡ್ಡದೆಂದು ಆ ಪುಸ್ತಕವೂ ನಂಬಿದೆ.

ಕೊಲೆ, ರಕ್ತ, ಹಿಂಸೆಯ ಪುಸ್ತಕವನ್ನು ಮಕ್ಕಳಿಗೆ ಕೊಡಬಹುದೇ ಎಂದು ತಂದೆ ತಾಯಿ ಕೇಳುವುದು ಸಹಜ. ಹದಿನಾಲ್ಕು ದಾಟಿದ, ಕತೆಗೂ ವಾಸ್ತವಕ್ಕೂ ಇರುವ ಅಂತರ ಬಲ್ಲ ಮಗುವಿಗೆ ಧಾರಾಳವಾಗಿ ಕೊಡಬಹುದು ಎನ್ನುವುದು ನನ್ನ ಅಭಿಪ್ರಾಯ. ಕೊಟ್ಟು ಸುಮ್ಮನಾಗಬಾರದು, ನೀವೂ ಓದಿ. ಡೀನ್‌ನನ್ನು ಬ್ರಿಗ್ಸ್ ಬಳಸಿಕೊಂಡದ್ದು ಸರಿಯೇ ಎಂದು ಕೇಳಿ. ಮೈಕಲ್ ಮುಖ ಓದಲು ಕಲಿತದ್ದು ಯಾಕೆಂದು ಮಾತನಾಡಿ. ಅಂಥ ಎಚ್ಚರದಲ್ಲಿ ಬದುಕುವ ಗೆಳೆಯ ಗೆಳತಿಯರು ಅವರ ತರಗತಿಯಲ್ಲಿ ಇದ್ದಾರೆಯೇ ಎಂದು ವಿಚಾರಿಸಿ. ಇದ್ದರೆ, ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಅವರಿಗೆ ತಿಳಿಸಿ.

ಎಳೆಯ ಓದುಗರಿಗೂ ಒಂದು ಮಾತು. ಜನರನ್ನು ಗಮನಿಸಿ, ಅವರ ಹಿಂದಿನ ಕತೆಯ ಬಗ್ಗೆ ಕುತೂಹಲ ಇಟ್ಟುಕೊಳ್ಳಿ. ಆದರೆ ಮುಖ ನೋಡಿ ಮಾಡಿದ ಊಹೆಯನ್ನು ಯಾರ ಮೇಲೂ ಅಪವಾದವಾಗಿ ಹೊರಿಸಬೇಡಿ. ಒಬ್ಬರನ್ನು ತಿಳಿಯಬೇಕೆಂದರೆ ಅವರನ್ನೇ ಕೇಳಿ, ಹೇಳುವವರೆಗೂ ಕಾಯಿರಿ. ತಪ್ಪು ಯಾರದೆಂದು ನಿರ್ಧರಿಸಬೇಕಾದಾಗ ಸಾಕ್ಷ್ಯ ಏನಿದೆ ಎಂದು ಮೊದಲು ನೋಡಿ.